ಮೂತ್ರಪಿಂಡ ಕಸಿ: ದಾನಿಯ ವಯಸ್ಸೊಂದನ್ನೇ ಕೇಳಿ ‘ಬೇಡ’ ಎನ್ನಬಹುದೇ?

ಶಿವಮೊಗ್ಗ ಜಿಲ್ಲೆಯ ಓದುಗರೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಅವರ ತಮ್ಮನಿಗೆ 46 ವರ್ಷ. ಸಕ್ಕರೆ ಕಾಯಿಲೆಯಿಂದ ಎರಡೂ ಮೂತ್ರಪಿಂಡಗಳು ಕೆಲಸ ನಿಲ್ಲಿಸಿ ಮೂರು ವರ್ಷವಾಯಿತು. ವಾರಕ್ಕೆ ಮೂರು ದಿನ ಡಯಾಲಿಸಿಸ್ ನಡೆದಿದೆ. ಮನೆಯಲ್ಲಿ ಮೂತ್ರಪಿಂಡ ಕೊಡಬಲ್ಲವರು ಯಾರೂ ಇಲ್ಲ. ತಾಯಿಗೆ ವಯಸ್ಸಾಗಿದೆ, ಪತ್ರ ಬರೆದ ಅಣ್ಣನಿಗೂ ಸಕ್ಕರೆ ಕಾಯಿಲೆ, ಹೆಂಡತಿಗೆ ರಕ್ತದೊತ್ತಡ. ಹೀಗಾಗಿ, ತೀರಿಕೊಂಡವರಿಂದ ದೊರೆಯುವ ಮೂತ್ರಪಿಂಡಕ್ಕಾಗಿ ಹೆಸರು ನೋಂದಾಯಿಸಿ ಕಾಯುತ್ತಿದ್ದಾರೆ.

ಕಳೆದ ತಿಂಗಳು ಒಂದು ರಾತ್ರಿ ಹನ್ನೊಂದೂವರೆಗೆ ಆಸ್ಪತ್ರೆಯಿಂದ ಫೋನ್ ಬಂತು. ಒಂದು ಮೂತ್ರಪಿಂಡ ಸಿಗುವ ಸಂಭವವಿದೆ. ದಾನಿಗೆ 63 ವರ್ಷ. ಬಿ.ಪಿ. ಇತ್ತು. ಮಿದುಳಿನಲ್ಲಿ ರಕ್ತಸ್ರಾವವಾಗಿ ತೀರಿಕೊಂಡಿದ್ದಾರೆ. ಒಪ್ಪಿಗೆಯೇ, ಇಲ್ಲವೇ ಎಂಬುದನ್ನು ಒಂದು ಗಂಟೆಯೊಳಗೆ ತಿಳಿಸಬೇಕು. ಮನೆಯವರೆಲ್ಲ ಎದ್ದು ಕುಳಿತರು. ತಾಯಿ ಹೇಳಿದರಂತೆ: ‘ನನ್ನ ವಾರಿಗೆಯವರ ಕಿಡ್ನಿ ನನ್ನ ಮಗನಿಗೆ ಎಷ್ಟು ದಿನ ಬಂದೀತು? ಬೇಡ, ಹರೆಯದವರದು ಸಿಕ್ಕಾಗ ನೋಡೋಣ.’ ಬೇಡವೆಂದು ತಿಳಿಸಿದರು. ಅಂದಿನಿಂದ ಇನ್ನೊಂದು ಕರೆ ಬಂದಿಲ್ಲ. ‘ಡಾಕ್ಟರೇ, ನಾವು ಮಾಡಿದ್ದು ಸರಿಯೋ ತಪ್ಪೋ? ರಾತ್ರಿ ನಿದ್ದೆ ಬರುತ್ತಿಲ್ಲ’ ಎಂದು ಪತ್ರ ಮುಗಿಯುತ್ತದೆ.

ಆ ತಾಯಿಯ ಮಾತು ಸುಳ್ಳಲ್ಲ. ವಯಸ್ಸಾದವರ ಮೂತ್ರಪಿಂಡ ಸರಾಸರಿ ಲೆಕ್ಕದಲ್ಲಿ ಹರೆಯದವರ ಮೂತ್ರಪಿಂಡದಷ್ಟು ವರ್ಷ ಬಾಳುವುದಿಲ್ಲ. ಆದರೆ ಅದು ಅರ್ಧ ಸತ್ಯ. ಉಳಿದ ಅರ್ಧವನ್ನು ತಿಳಿಯದೆ ಒಂದು ಗಂಟೆಯಲ್ಲಿ ತೀರ್ಮಾನ ಮಾಡಬೇಕಾಗಿ ಬಂದದ್ದೇ ಆ ಮನೆಯ ಕಷ್ಟ. ಇಂಥ ಕರೆ ನಿಮ್ಮ ಮನೆಗೋ ನಿಮ್ಮ ಬಂಧುಗಳ ಮನೆಗೋ ಬರಬಹುದು. ಆದ್ದರಿಂದ ಈ ವಾರ ಇದನ್ನೇ ಸ್ವಲ್ಪ ವಿವರವಾಗಿ ನೋಡೋಣ.

ಮೊದಲ ಪ್ರಯತ್ನ ಸೋತದ್ದೇಕೆ?

ತೀರಿಕೊಂಡವರ ಮೂತ್ರಪಿಂಡವನ್ನು ಇನ್ನೊಬ್ಬ ಮನುಷ್ಯರಿಗೆ ಜೋಡಿಸುವ ಮೊದಲ ಪ್ರಯತ್ನ ನಡೆದದ್ದು 1933ರಲ್ಲಿ, ಉಕ್ರೇನಿನ ಖೆರ್ಸಾನ್ ಪಟ್ಟಣದಲ್ಲಿ. ಅದನ್ನು ಮಾಡಿದವರು ಯೂರಿ ವೊರೊನಾಯ್ ಎಂಬ ಶಸ್ತ್ರವೈದ್ಯರು. ಪಾದರಸದ ವಿಷ ಸೇವಿಸಿ ಮೂತ್ರಪಿಂಡಗಳನ್ನು ಕೆಡಿಸಿಕೊಂಡಿದ್ದ 26 ವರ್ಷದ ಹೆಂಗಸಿಗೆ, ತಲೆಬುರುಡೆ ಒಡೆದು ತೀರಿಕೊಂಡಿದ್ದ 60 ವರ್ಷದ ಗಂಡಸೊಬ್ಬರ ಮೂತ್ರಪಿಂಡವನ್ನು ತೊಡೆಯ ಭಾಗದಲ್ಲಿ ಜೋಡಿಸಿದರು. ಸ್ವಲ್ಪ ಮೂತ್ರವೇನೋ ಬಂತು. ಎರಡು ದಿನಗಳಲ್ಲಿ ರೋಗಿ ತೀರಿಕೊಂಡರು.

ಇಂದಿನ ವೈದ್ಯರು ಆ ವಿವರಗಳನ್ನು ಓದಿದರೆ ಕಾರಣ ಹುಡುಕಲು ಹೆಚ್ಚು ಹೊತ್ತು ಬೇಡ. ದಾನಿಯ ರಕ್ತದ ಗುಂಪು ‘ಬಿ’, ರೋಗಿಯದು ‘ಓ’. ಅಷ್ಟೇ ಅಲ್ಲ, ದಾನಿ ತೀರಿಕೊಂಡು ಆರು ಗಂಟೆಗಳಾದ ಮೇಲೆ ಮೂತ್ರಪಿಂಡವನ್ನು ತೆಗೆಯಲಾಗಿತ್ತು. ರಕ್ತ ಹರಿಯದೆ, ತಂಪೂ ಇಲ್ಲದೆ, ಅದು ದೇಹದೊಳಗೇ ಕೆಡುತ್ತಿತ್ತು. ದಾನಿಗೆ 60 ವರ್ಷ ಎಂಬುದು ಆ ಸೋಲಿಗೆ ಮುಖ್ಯ ಕಾರಣವಾಗಿರಲಿಲ್ಲ.

1954ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಡಾ. ಜೋಸೆಫ್ ಮರ್ರೆ ಅವರು ಅವಳಿ ಸಹೋದರರ ನಡುವೆ ಮಾಡಿದ ಕಸಿ ಗೆದ್ದಿತು. 1962ರಲ್ಲಿ ಅದೇ ವೈದ್ಯರು, ದೇಹದ ಪ್ರತಿರೋಧವನ್ನು ಅಡಗಿಸುವ ಔಷಧಿಯ ನೆರವಿನಿಂದ, ತೀರಿಕೊಂಡವರ ಮೂತ್ರಪಿಂಡವೂ ವರ್ಷಕ್ಕೂ ಹೆಚ್ಚು ಕಾಲ ಕೆಲಸ ಮಾಡಬಲ್ಲುದೆಂದು ತೋರಿಸಿದರು. ನಮ್ಮ ದೇಶದಲ್ಲಿ 1971ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಮೂತ್ರಪಿಂಡ ಕಸಿ ಯಶಸ್ವಿಯಾಯಿತು.

ಮುಂದೆ ಬಹಳ ಕಾಲ ವೈದ್ಯರ ಗಮನವೆಲ್ಲ ‘ಹೊಂದಾಣಿಕೆ’ಯ ಮೇಲೆಯೇ ಇತ್ತು. ದಾನಿಗೂ ಪಡೆಯುವವರಿಗೂ ಅಂಗಾಂಶದ ಗುಣಗಳು ಎಷ್ಟು ಕೂಡಿಬರುತ್ತವೆ ಎಂಬುದೇ ಮುಖ್ಯ ಎಂದು ತಿಳಿದಿದ್ದರು. 1995ರಲ್ಲಿ ಅಮೆರಿಕದಿಂದ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಈ ನಂಬಿಕೆಯನ್ನು ಅಲುಗಾಡಿಸಿತು. ಗಂಡನಿಗೆ ಹೆಂಡತಿ, ಹೆಂಡತಿಗೆ ಗಂಡ ಕೊಟ್ಟ ಮೂತ್ರಪಿಂಡಗಳನ್ನು ಅದರಲ್ಲಿ ಲೆಕ್ಕ ಹಾಕಿದ್ದರು. ರಕ್ತಸಂಬಂಧವಿಲ್ಲದ ಕಾರಣ ಇವುಗಳ ಹೊಂದಾಣಿಕೆ ಕಡಿಮೆಯೇ. ಆದರೂ ಮೂರು ವರ್ಷಗಳ ನಂತರ ನೂರಕ್ಕೆ 85 ಕೆಲಸ ಮಾಡುತ್ತಿದ್ದವು. ತೀರಿಕೊಂಡವರಿಂದ ಪಡೆದವುಗಳಲ್ಲಿ ಈ ಸಂಖ್ಯೆ ನೂರಕ್ಕೆ 70 ಮಾತ್ರ.

ಗುಟ್ಟು ಏನು? ಬದುಕಿರುವ ದಾನಿಯನ್ನು ತಿಂಗಳುಗಟ್ಟಲೆ ಪರೀಕ್ಷಿಸಿ, ಆರೋಗ್ಯವಂತರೆಂದು ಖಚಿತವಾದ ಮೇಲೆಯೇ ಮೂತ್ರಪಿಂಡ ತೆಗೆಯುತ್ತಾರೆ. ಪಕ್ಕದ ಕೊಠಡಿಯಲ್ಲೇ ಜೋಡಿಸುತ್ತಾರೆ. ಅದು ಯಾವ ಆಘಾತವನ್ನೂ ಕಂಡಿರುವುದಿಲ್ಲ. ಹೊಂದಾಣಿಕೆ ಬೇಡವೆಂದಲ್ಲ, ಆದರೆ ಮೂತ್ರಪಿಂಡ ಯಾವ ಸ್ಥಿತಿಯಲ್ಲಿ ಬಂದು ತಲುಪುತ್ತದೆ ಎಂಬುದು ಅದಕ್ಕಿಂತ ಕಡಿಮೆ ಮುಖ್ಯವಲ್ಲ ಎಂಬುದು ಆಗ ಸ್ಪಷ್ಟವಾಯಿತು. ಔಷಧಿಗಳು ಸುಧಾರಿಸಿ ಆ ನೂರಕ್ಕೆ 70 ಎಂಬ ಅಂಕಿ ಈಗ ಬಹಳ ಮೇಲೇರಿದೆ. ತತ್ತ್ವ ಮಾತ್ರ ಬದಲಾಗಿಲ್ಲ.

ಕಡ್ಡಿ ಯಾವ ಮರದ್ದು, ಎಷ್ಟು ಒಣಗಿದೆ?

‘ಕಸಿ’ ಎಂಬ ಮಾತು ನಮಗೆ ತೋಟದಿಂದ ಬಂದದ್ದು. ಮಾವಿನ ಕಸಿ ಕಟ್ಟುವವರು ಎರಡು ಸಂಗತಿಗಳನ್ನು ನೋಡುತ್ತಾರೆ. ಕಡ್ಡಿ ತಂದ ಮರ ಹೇಗಿತ್ತು ಎಂಬುದು ಒಂದು. ಕಡ್ಡಿ ಕತ್ತರಿಸಿ ಎಷ್ಟು ಹೊತ್ತಾಯಿತು, ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದರೋ ಬಿಸಿಲಿನಲ್ಲಿ ತಂದರೋ ಎಂಬುದು ಇನ್ನೊಂದು. ಮೂತ್ರಪಿಂಡದ ಲೆಕ್ಕವೂ ಹೆಚ್ಚುಕಡಿಮೆ ಇದೇ.

ಮೊದಲು ಮರದ ವಿಚಾರ. ಒಂದೊಂದು ಮೂತ್ರಪಿಂಡದಲ್ಲಿ ಸುಮಾರು ಹತ್ತು ಲಕ್ಷ ಸೋಸುವ ಘಟಕಗಳಿರುತ್ತವೆ. ಇವಕ್ಕೆ ನೆಫ್ರಾನ್ ಎಂದು ಹೆಸರು. ಹುಟ್ಟುವಾಗ ಎಷ್ಟಿವೆಯೋ ಅಷ್ಟೇ. ಮತ್ತೆ ಹೊಸದು ಹುಟ್ಟುವುದಿಲ್ಲ. ನಲವತ್ತು ದಾಟಿದ ಮೇಲೆ ಇವು ಒಂದೊಂದಾಗಿ ಗಟ್ಟಿಯಾಗಿ ಕೆಲಸ ನಿಲ್ಲಿಸುತ್ತ ಹೋಗುತ್ತವೆ. ಎಪ್ಪತ್ತರ ಹೊತ್ತಿಗೆ ಸೋಸುವ ಶಕ್ತಿ ಗಣನೀಯವಾಗಿ ತಗ್ಗಿರುತ್ತದೆ. ಎರಡು ಮೂತ್ರಪಿಂಡಗಳಿರುವಾಗ ಇದು ನಮ್ಮ ಗಮನಕ್ಕೆ ಬಾರದು. ಒಂದನ್ನು ತೆಗೆದು ಇನ್ನೊಬ್ಬರ ದೇಹದಲ್ಲಿಟ್ಟು ‘ಇನ್ನು ನೀನೊಬ್ಬನೇ ದುಡಿ’ ಎಂದಾಗ ಈ ಕೊರತೆ ಎದ್ದು ಕಾಣುತ್ತದೆ. ಉಳಿದ ನೆಫ್ರಾನ್‌ಗಳು ಮೈಮೀರಿ ದುಡಿದು ಬೇಗ ಸವೆಯುತ್ತವೆ.

ರಕ್ತದೊತ್ತಡ ಈ ಸವೆತವನ್ನು ಬೇಗ ತರುತ್ತದೆ. ಸಕ್ಕರೆ ಕಾಯಿಲೆಯೂ ಅಷ್ಟೇ. ಎರಡು ಮೂರು ವರ್ಷದ ಸಕ್ಕರೆ ಕಾಯಿಲೆ ಬೇರೆ, ಹದಿನೈದು ವರ್ಷದ್ದು ಬೇರೆ. ಸಾವಿನ ಕಾರಣವನ್ನೂ ವೈದ್ಯರು ಕೇಳುತ್ತಾರೆ. ಸ್ಕೂಟರಿನಿಂದ ಬಿದ್ದು ತಲೆಗೆ ಪೆಟ್ಟಾದವರ ರಕ್ತನಾಳಗಳು ಚೆನ್ನಾಗಿಯೇ ಇದ್ದಿರಬಹುದು. ಮಿದುಳಿನ ರಕ್ತನಾಳ ತಾನಾಗಿಯೇ ಒಡೆದು ತೀರಿಕೊಂಡವರಲ್ಲಿ ಮೂತ್ರಪಿಂಡದ ನಾಳಗಳೂ ಹಾಳಾಗಿರಬಹುದೆಂಬ ಸಂದೇಹಕ್ಕೆ ಎಡೆಯಿದೆ. ದಾನಿಯ ಮೈಕಟ್ಟು ಕೂಡ ಲೆಕ್ಕಕ್ಕೆ ಬರುತ್ತದೆ. 45 ಕಿಲೋ ತೂಕದ ಹೆಂಗಸಿನ ಮೂತ್ರಪಿಂಡಕ್ಕೆ 90 ಕಿಲೋ ತೂಕದ ಗಂಡಸಿನ ರಕ್ತ ಸೋಸುವುದು ಭಾರವೇ.

ಇವನ್ನೆಲ್ಲ ಒಟ್ಟುಗೂಡಿಸಿ 2002ರಲ್ಲಿ ಅಮೆರಿಕದಲ್ಲಿ ಒಂದು ಸೂತ್ರ ಮಾಡಿದರು. ದಾನಿಗೆ 60 ದಾಟಿದ್ದರೆ, ಅಥವಾ 50ರಿಂದ 59ರೊಳಗಿದ್ದು ರಕ್ತದೊತ್ತಡ, 1.5ಕ್ಕಿಂತ ಹೆಚ್ಚಿನ ಕ್ರಿಯಾಟಿನಿನ್, ಮಿದುಳಿನ ರಕ್ತನಾಳದ ತೊಂದರೆಯಿಂದ ಸಾವು ಈ ಮೂರರಲ್ಲಿ ಎರಡಿದ್ದರೆ, ಅಂಥ ಮೂತ್ರಪಿಂಡವನ್ನು ಬೇರೆಯಾಗಿ ಗುರುತಿಸಬೇಕು ಎಂದರು. ಇವು ಕೈಕೊಡುವ ಸಂಭವ ಉತ್ತಮ ದಾನಿಗಳ ಮೂತ್ರಪಿಂಡಕ್ಕಿಂತ ನೂರಕ್ಕೆ 70ರಷ್ಟು ಹೆಚ್ಚು ಎಂದು ಕಂಡುಬಂದಿತ್ತು. ಶಿವಮೊಗ್ಗದ ಓದುಗರಿಗೆ ಬಂದ ಕರೆ ಈ ಗುಂಪಿಗೇ ಸೇರಿದ್ದು.

ಈ ಸೂತ್ರ ಒರಟು ಎಂಬುದು ಬೇಗನೇ ಗೊತ್ತಾಯಿತು. 59 ಆದವರು ಒಳ್ಳೆಯ ದಾನಿ, 60 ತುಂಬಿದ ಮರುದಿನ ಕೆಟ್ಟ ದಾನಿ ಎಂದರೆ ಯಾರಾದರೂ ನಗುತ್ತಾರೆ. ಆದ್ದರಿಂದ 2014ರಿಂದ ಅಲ್ಲಿ ದಾನಿಯ ವಯಸ್ಸು, ಎತ್ತರ, ತೂಕ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕ್ರಿಯಾಟಿನಿನ್, ಸಾವಿನ ಕಾರಣ ಮುಂತಾದವುಗಳನ್ನು ಕೂಡಿಸಿ ಸೊನ್ನೆಯಿಂದ ನೂರರವರೆಗೆ ಒಂದು ಅಂಕ ಕೊಟ್ಟು ಹಂಚುತ್ತಿದ್ದಾರೆ. ಅಂಕ ಕಡಿಮೆಯಿದ್ದಷ್ಟೂ ಒಳ್ಳೆಯದು. ದಾನಿಯ ಜನಾಂಗವನ್ನೂ ಮೊದಲು ಲೆಕ್ಕಕ್ಕೆ ಹಿಡಿಯುತ್ತಿದ್ದರು. ಅದು ನ್ಯಾಯವಲ್ಲವೆಂದು 2024ರಲ್ಲಿ ಕೈಬಿಟ್ಟರು.

ಅಮೆರಿಕದ ಅಂಗಾಂಗ ಹಂಚಿಕೆಯ ಜಾಲ ರೋಗಿಗಳಿಗೆ ಕೊಟ್ಟ ಅಂದಾಜು ಹೀಗಿದೆ: 20ರವರೆಗಿನ ಅಂಕದ ಮೂತ್ರಪಿಂಡ ಸುಮಾರು ಹನ್ನೊಂದೂವರೆ ವರ್ಷ, 21ರಿಂದ 85ರವರೆಗಿನದು ಸುಮಾರು ಒಂಬತ್ತು ವರ್ಷ, 85ಕ್ಕೂ ಮೇಲಿನದು ಐದೂವರೆ ವರ್ಷಕ್ಕೂ ಹೆಚ್ಚು ಕಾಲ ಕೆಲಸ ಮಾಡಬಹುದು. ಇವು ಸರಾಸರಿಗಳು. ಇನ್ನೊಂದು ಮಾತು. ಅಂಕ 80 ಬಂದರೆ ಮೂತ್ರಪಿಂಡ ನೂರಕ್ಕೆ 80 ಭಾಗ ಕೆಟ್ಟಿದೆ ಎಂದು ಅರ್ಥವಲ್ಲ. ನೂರು ದಾನಿಗಳನ್ನು ಸಾಲಾಗಿ ನಿಲ್ಲಿಸಿದರೆ 80 ಮಂದಿಯ ಮೂತ್ರಪಿಂಡ ಇದಕ್ಕಿಂತ ಹೆಚ್ಚು ಬಾಳೀತು ಎಂಬ ನಿರೀಕ್ಷೆ ಅಷ್ಟೇ.

ಹಳೆಯ ಗಾಯ, ಹೊಸ ಗಾಯ

ದಾನಿಯ ಕ್ರಿಯಾಟಿನಿನ್ ಹೆಚ್ಚಿದೆ ಎಂದ ಕೂಡಲೇ ಜನ ಹೆದರುತ್ತಾರೆ. ರಕ್ತದಲ್ಲಿ ಈ ಕಶ್ಮಲ ಏರಿದೆ ಎಂದರೆ ಮೂತ್ರಪಿಂಡ ಸೋಸುತ್ತಿಲ್ಲ ಎಂದು ತಾನೇ? ನಿಜ. ಆದರೆ ಎಂದಿನಿಂದ ಏರಿದೆ ಎಂಬುದನ್ನು ಕೇಳಬೇಕು.

ಒಬ್ಬ 28 ವರ್ಷದ ಯುವಕನನ್ನು ಊಹಿಸಿಕೊಳ್ಳಿ. ಅಪಘಾತದಲ್ಲಿ ಬಹಳ ರಕ್ತ ಹೋಗಿದೆ, ರಕ್ತದೊತ್ತಡ ಕುಸಿದಿದೆ, ಮಾಂಸಖಂಡಗಳು ಜಜ್ಜಿಹೋಗಿವೆ. ಆಸ್ಪತ್ರೆಗೆ ಬಂದಾಗ ಕ್ರಿಯಾಟಿನಿನ್ 0.9 ಇದ್ದದ್ದು ಮೂರನೆಯ ದಿನ 3 ಆಗಿದೆ. ಇದು ಹೊಸ ಗಾಯ. ಪೆಟ್ಟು ತಿಂದದ್ದು ಸೋಸಿದ ನೀರನ್ನು ಸಾಗಿಸುವ ಕೊಳವೆಗಳ ಒಳಪದರ. ಆ ಪದರ ಮತ್ತೆ ಬೆಳೆಯಬಲ್ಲದು. ಇಂಥ ಮೂತ್ರಪಿಂಡವನ್ನು ಜೋಡಿಸಿದಾಗ ಮೊದಲ ಒಂದೆರಡು ವಾರ ಮೂತ್ರ ಬಾರದಿರಬಹುದು, ಡಯಾಲಿಸಿಸ್ ಮುಂದುವರಿಸಬೇಕಾಗಬಹುದು. ‘ಕಸಿ ಆಯಿತು, ಆದರೂ ಡಯಾಲಿಸಿಸ್ಸೇ!’ ಎಂದು ಮನೆಯವರು ಕಂಗಾಲಾಗುತ್ತಾರೆ. ವೈದ್ಯರು ಇದನ್ನು ತಡವಾಗಿ ಎಚ್ಚರಗೊಳ್ಳುವ ಮೂತ್ರಪಿಂಡ ಎನ್ನುತ್ತಾರೆ. ಹೆಚ್ಚಿನವು ಎಚ್ಚರಗೊಳ್ಳುತ್ತವೆ. ಹೀಗೆ ತಾತ್ಕಾಲಿಕ ಪೆಟ್ಟು ತಿಂದ ಮೂತ್ರಪಿಂಡಗಳು ಮುಂದಿನ ವರ್ಷಗಳಲ್ಲಿ ಇತರವುಗಳ ಸಮಕ್ಕೇ ಬಾಳುತ್ತವೆ ಎಂದು ಅಮೆರಿಕದ ದೊಡ್ಡ ಅಧ್ಯಯನಗಳು ತೋರಿಸಿವೆ.

ಈಗ 58 ವರ್ಷದ ಒಬ್ಬರನ್ನು ನೋಡಿ. ಹನ್ನೆರಡು ವರ್ಷದಿಂದ ಬಿ.ಪಿ., ಮಾತ್ರೆ ನುಂಗಿದರೆ ನುಂಗಿದರು ಬಿಟ್ಟರೆ ಬಿಟ್ಟರು. ಕ್ರಿಯಾಟಿನಿನ್ 1.6. ಅಂಕಿ ಮೊದಲಿನವರ ಅರ್ಧದಷ್ಟೇ ಇದೆ. ಆದರೆ ಇಲ್ಲಿ ಸೋಸುವ ಗುಚ್ಛಗಳೇ ಕಲೆಗಟ್ಟಿವೆ. ಕಲೆಗಟ್ಟಿದ್ದು ಮತ್ತೆ ಚಿಗುರುವುದಿಲ್ಲ. ಇದು ಹಳೆಯ ಗಾಯ. ಎರಡರಲ್ಲಿ ಒಂದನ್ನು ಆರಿಸು ಎಂದರೆ ನಾನಂತೂ 3 ಕ್ರಿಯಾಟಿನಿನ್‌ನ ಯುವಕನದನ್ನೇ ಆರಿಸುತ್ತೇನೆ.

ಎರಡನ್ನೂ ಬೇರ್ಪಡಿಸಿ ಹೇಳುವುದು ಹೇಗೆ? ದಾನಿ ಆಸ್ಪತ್ರೆಗೆ ಸೇರಿದ ದಿನದ ಕ್ರಿಯಾಟಿನಿನ್, ಮೂತ್ರದಲ್ಲಿ ಪ್ರೋಟೀನ್ ಇದೆಯೇ ಎಂಬುದು, ಸ್ಕ್ಯಾನಿನಲ್ಲಿ ಮೂತ್ರಪಿಂಡದ ಗಾತ್ರ ಇವು ದಾರಿ ತೋರುತ್ತವೆ. ಕೆಲವು ಕಡೆ ಸೂಜಿಯಿಂದ ಒಂದು ಸಣ್ಣ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಇದೇ ಬಯಾಪ್ಸಿ. ಇಟಲಿಯ ವೈದ್ಯರು 60 ದಾಟಿದ ದಾನಿಗಳ ಮೂತ್ರಪಿಂಡಗಳನ್ನು ಹೀಗೆ ನೋಡಿ 12 ಅಂಕಗಳ ಅಳತೆಗೋಲು ಮಾಡಿದರು. ಹಾನಿ 3ರೊಳಗಿದ್ದರೆ ಒಂದು ಮೂತ್ರಪಿಂಡ ಒಬ್ಬರಿಗೆ. 4ರಿಂದ 6 ಇದ್ದರೆ ಎರಡನ್ನೂ ಒಬ್ಬರಿಗೇ ಜೋಡಿಸುವುದು. 7 ಅಥವಾ ಹೆಚ್ಚಾದರೆ ಬಳಸುವಂತಿಲ್ಲ. ಹೀಗೆ ಆರಿಸಿ ಜೋಡಿಸಿದ ಹಿರಿಯರ ಮೂತ್ರಪಿಂಡಗಳು ಕಿರಿಯರವುಗಳಿಗೆ ಸರಿಸಮನಾಗಿ ಬಾಳಿದವು ಎಂದು 2006ರಲ್ಲಿ ಅವರು ವರದಿ ಮಾಡಿದರು. 63 ವರ್ಷದವರ ಮೂತ್ರಪಿಂಡಗಳೆಲ್ಲ ಒಂದೇ ಬಗೆಯವಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಸಾವಿನ ನಂತರದ ಗಂಟೆಗಳು

ಇನ್ನು ಕಡ್ಡಿ ಒಣಗುವ ವಿಚಾರ. ನಮ್ಮಲ್ಲಿ ಮರಣಾನಂತರ ಮೂತ್ರಪಿಂಡ ಕೊಡುವವರು ಬಹುತೇಕ ಮಿದುಳು ಸಾವಿಗೀಡಾದವರು. 1994ರ ಅಂಗಾಂಗ ಕಸಿ ಕಾನೂನು ಮಿದುಳು ಕಾಂಡದ ಸಾವನ್ನು ಸಾವೆಂದೇ ಒಪ್ಪಿದೆ. ನಾಲ್ವರು ವೈದ್ಯರ ಮಂಡಳಿ, ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ಇದನ್ನು ದೃಢಪಡಿಸಬೇಕು. ಯಂತ್ರದ ಉಸಿರಿನಿಂದ ಹೃದಯ ಬಡಿಯುತ್ತಿರುತ್ತದೆ, ಮೂತ್ರಪಿಂಡಕ್ಕೆ ರಕ್ತ ಹರಿಯುತ್ತಿರುತ್ತದೆ.

ಆದರೆ ಮಿದುಳು ಸತ್ತಾಗ ದೇಹದಲ್ಲಿ ದೊಡ್ಡ ಗೊಂದಲವೇ ಆಗುತ್ತದೆ. ಮೊದಲು ರಕ್ತದೊತ್ತಡ ಮಿತಿಮೀರಿ ಏರಿ, ಬಳಿಕ ಕುಸಿಯುತ್ತದೆ. ಮೂತ್ರವನ್ನು ಹಿಡಿತದಲ್ಲಿಡುವ ಹಾರ್ಮೋನು ನಿಂತುಹೋಗಿ ಲೀಟರುಗಟ್ಟಲೆ ಮೂತ್ರ ಹೋಗಿ ದೇಹ ಒಣಗುತ್ತದೆ. ಆ ಹೊತ್ತಿನಲ್ಲಿ ತೀವ್ರ ನಿಗಾ ಘಟಕದ ವೈದ್ಯರೂ ದಾದಿಯರೂ ದ್ರವ ಕೊಟ್ಟು, ಔಷಧಿ ಕೊಟ್ಟು ಒತ್ತಡವನ್ನು ಹಿಡಿದು ನಿಲ್ಲಿಸಬೇಕು. ತೀರಿಕೊಂಡವರಿಗೆ ಇಷ್ಟೊಂದು ಆರೈಕೆ ಏಕೆ ಎಂದು ಕೇಳುವವರಿದ್ದಾರೆ. ಆ ಆರೈಕೆಯ ಫಲ ಕಾಣುವುದು ಇನ್ನೊಂದು ಆಸ್ಪತ್ರೆಯ ಇನ್ನಿಬ್ಬರು ರೋಗಿಗಳಲ್ಲಿ. 2015ರಲ್ಲಿ ಅಮೆರಿಕದಿಂದ ಬಂದ ಒಂದು ಪ್ರಯೋಗ ಕುತೂಹಲಕರವಾಗಿದೆ. ಮಿದುಳು ಸಾವಿಗೀಡಾದ ದಾನಿಯ ಮೈಬಿಸಿಯನ್ನು 34–35 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿದರು, ಅಷ್ಟೇ. ತಡವಾಗಿ ಎಚ್ಚರಗೊಳ್ಳುವ ಮೂತ್ರಪಿಂಡಗಳು ನೂರಕ್ಕೆ 39 ಇದ್ದದ್ದು 28ಕ್ಕೆ ಇಳಿದವು.

ಮೂತ್ರಪಿಂಡ ತೆಗೆದ ಕೂಡಲೇ ತಣ್ಣನೆಯ ದ್ರಾವಣದಿಂದ ತೊಳೆದು ಐಸ್ ಪೆಟ್ಟಿಗೆಯಲ್ಲಿಡುತ್ತಾರೆ. ತಂಪು ಹಾನಿಯನ್ನು ನಿಧಾನಿಸುತ್ತದೆ, ನಿಲ್ಲಿಸುವುದಿಲ್ಲ. ಗಂಟೆಗಳು ಕಳೆದಷ್ಟೂ ತಡವಾಗಿ ಎಚ್ಚರಗೊಳ್ಳುವ ಸಂಭವ ಹೆಚ್ಚುತ್ತದೆ. ಹರೆಯದವರ ಮೂತ್ರಪಿಂಡ ಇದನ್ನು ಒಂದಿಷ್ಟು ತಾಳಿಕೊಂಡೀತು. ವಯಸ್ಸಾದವರದು ಅಷ್ಟು ತಾಳದು. ಪೊಲೀಸರು ರಸ್ತೆ ತೆರವು ಮಾಡಿ ಆಂಬುಲೆನ್ಸ್ ಓಡಿಸುವುದನ್ನು ನೀವು ಪತ್ರಿಕೆಯಲ್ಲಿ ನೋಡಿದ್ದೀರಿ. ಈಗ ಐಸ್ ಪೆಟ್ಟಿಗೆಯ ಬದಲು, ತಣ್ಣನೆಯ ದ್ರಾವಣವನ್ನು ಮೂತ್ರಪಿಂಡದೊಳಗೆ ಸತತವಾಗಿ ಹರಿಸುವ ಯಂತ್ರಗಳೂ ಬಂದಿವೆ. 2009ರಲ್ಲಿ ಪ್ರಕಟವಾದ ಯುರೋಪಿನ ಪ್ರಯೋಗದಲ್ಲಿ ಯಂತ್ರದಲ್ಲಿಟ್ಟವುಗಳ ಪೈಕಿ ನೂರಕ್ಕೆ 94, ಐಸಿನಲ್ಲಿಟ್ಟವುಗಳ ಪೈಕಿ ನೂರಕ್ಕೆ 90 ಒಂದು ವರ್ಷದ ನಂತರ ಕೆಲಸ ಮಾಡುತ್ತಿದ್ದವು.

ಇದೇ ಕಾರಣಕ್ಕೆ 1999ರಲ್ಲಿ ಯುರೋಪಿನ ಕೆಲವು ದೇಶಗಳು ಒಂದು ಜಾಣ ಉಪಾಯ ಮಾಡಿದವು. 65 ದಾಟಿದ ದಾನಿಗಳ ಮೂತ್ರಪಿಂಡವನ್ನು 65 ದಾಟಿದ ರೋಗಿಗಳಿಗೇ, ಅದೂ ಹತ್ತಿರದ ಊರಿನವರಿಗೇ ಕೊಡುವುದು. ಹೊಂದಾಣಿಕೆಗಾಗಿ ದೂರದ ಊರುಗಳಿಗೆ ಸಾಗಿಸುತ್ತ ಹೊತ್ತು ಕಳೆಯುವುದಿಲ್ಲ. ಸ್ಪೇನ್ ದೇಶದಲ್ಲಿ ಮರಣಾನಂತರದ ದಾನಿಗಳ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿ 60 ದಾಟಿದವರು ಎಂದರೆ ನಮ್ಮವರಿಗೆ ಆಶ್ಚರ್ಯವಾದೀತು. ನಮ್ಮಲ್ಲಿಯೂ 2023ರಲ್ಲಿ, 65 ದಾಟಿದ ರೋಗಿಗಳು ಮರಣಾನಂತರದ ಅಂಗಕ್ಕೆ ಹೆಸರು ನೋಂದಾಯಿಸಬಾರದೆಂಬ ಅಡ್ಡಿಯನ್ನು ಕೇಂದ್ರ ಸರಕಾರ ತೆಗೆದುಹಾಕಿತು.

ಯಾವುದರೊಡನೆ ಹೋಲಿಸಬೇಕು?

ಈಗ ಪತ್ರಕ್ಕೆ ಬರೋಣ. ಆ ರಾತ್ರಿ ಮನೆಯವರು 63 ವರ್ಷದವರ ಮೂತ್ರಪಿಂಡವನ್ನು 25 ವರ್ಷದವರ ಮೂತ್ರಪಿಂಡದೊಡನೆ ಹೋಲಿಸಿದರು. ಆದರೆ 25 ವರ್ಷದವರ ಮೂತ್ರಪಿಂಡ ಆಗ ಅವರ ಮುಂದೆ ಇರಲಿಲ್ಲ. ಇದ್ದದ್ದು ಡಯಾಲಿಸಿಸ್. ಹೋಲಿಸಬೇಕಾಗಿದ್ದು ಅದರೊಡನೆ.

2023ರಲ್ಲಿ ಇಡೀ ಭಾರತದಲ್ಲಿ ಮರಣಾನಂತರ ಅಂಗದಾನ ಮಾಡಿದವರು 1,099 ಮಂದಿ. ಸಾವಿರದ ಗಡಿ ದಾಟಿದ್ದು ಅದೇ ಮೊದಲು. ಇಷ್ಟು ದೊಡ್ಡ ದೇಶಕ್ಕೆ ಇದು ಯಾವ ಮೂಲೆಗೆ? ‘ಇನ್ನೊಂದು ಬಂದೀತು’ ಎನ್ನುವಾಗ ಅದು ಎಂದು ಬಂದೀತು ಎಂಬುದನ್ನೂ ಯೋಚಿಸಬೇಕು. ಡಯಾಲಿಸಿಸ್‌ನಲ್ಲಿ ಕಳೆಯುವ ಪ್ರತಿ ವರ್ಷವೂ ಹೃದಯ, ರಕ್ತನಾಳಗಳನ್ನು ದಣಿಸುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಇನ್ನೂ ಬೇಗ. ಕಾಯುತ್ತ ಕಾಯುತ್ತ ಕಸಿಗೆ ಯೋಗ್ಯತೆಯನ್ನೇ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ.

ಅಮೆರಿಕದಲ್ಲಿ 2001ರಲ್ಲಿ ಮಾಡಿದ ಲೆಕ್ಕದ ಪ್ರಕಾರ, ಅಷ್ಟೇನೂ ಉತ್ತಮವಲ್ಲದ ಮೂತ್ರಪಿಂಡ ಪಡೆದವರು ಕೂಡ ಪಟ್ಟಿಯಲ್ಲಿ ಕಾಯುತ್ತ ಡಯಾಲಿಸಿಸ್‌ನಲ್ಲಿ ಉಳಿದವರಿಗಿಂತ ಸರಾಸರಿ ಐದು ವರ್ಷ ಹೆಚ್ಚು ಬದುಕುತ್ತಾರೆ. 2005ರ ಮತ್ತೊಂದು ಅಧ್ಯಯನ ಇದನ್ನು ಇನ್ನಷ್ಟು ಬಿಡಿಸಿ ನೋಡಿತು. ಕಾಯುವ ಕಾಲ ಬಹಳ ದೀರ್ಘವಾಗಿರುವ ಕಡೆ, 40 ದಾಟಿದ ರೋಗಿಗಳಿಗೆ ಇಂಥ ಮೂತ್ರಪಿಂಡದಿಂದ ಲಾಭವಿದೆ. ಬೇಗ ಸಿಗುವ ಕಡೆ, ಸಕ್ಕರೆ ಕಾಯಿಲೆಯವರಿಗೆ ಮಾತ್ರ ಲಾಭ ಕಂಡಿತು. 25 ವರ್ಷದ, ಬೇರೆ ಕಾಯಿಲೆಯಿಲ್ಲದ ಹುಡುಗನಿಗೆ ಇದೇ ಕರೆ ಬಂದಿದ್ದರೆ ‘ಸ್ವಲ್ಪ ಕಾಯಿರಿ’ ಎಂದು ನಾನೇ ಹೇಳುತ್ತಿದ್ದೆ. ಅವನು ಇನ್ನೂ ನಲವತ್ತು ವರ್ಷ ಬಾಳಬೇಕಾದವನು. 46 ವರ್ಷದ, ಸಕ್ಕರೆ ಕಾಯಿಲೆಯ, ಮೂರು ವರ್ಷ ಡಯಾಲಿಸಿಸ್ ಮಾಡಿಸಿಕೊಂಡ ನಿಮ್ಮ ತಮ್ಮನ ಲೆಕ್ಕ ಬೇರೆ. ಉಳಿದ ವಿವರಗಳು ಚೆನ್ನಾಗಿದ್ದಿದ್ದರೆ ಒಪ್ಪಿಕೊಳ್ಳಿ ಎನ್ನುತ್ತಿದ್ದೆ. ಆದರೆ ಆ ವಿವರಗಳನ್ನು ನೀವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಆದ್ದರಿಂದ ನೀವು ಮಾಡಿದ್ದು ತಪ್ಪೆಂದು ನಾನು ಹೇಳಲಾರೆ. ನಿದ್ದೆಗೆಡಬೇಡಿ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಕಸಿಯ ಲಾಭ ಮೊದಲ ದಿನದಿಂದಲೇ ಸಿಗುವುದಿಲ್ಲ. 1999ರ ಅಮೆರಿಕದ ಅಧ್ಯಯನದಲ್ಲಿ, ಶಸ್ತ್ರಕ್ರಿಯೆಯ ನಂತರದ ಎರಡು ವಾರ ಸಾವಿನ ಅಪಾಯ ಕಾಯುತ್ತಿದ್ದವರಿಗಿಂತ ಸುಮಾರು ಮೂರು ಪಟ್ಟು ಇತ್ತು. ಬಳಿಕ ಇಳಿಯುತ್ತ ಹೋಗಿ ಲಾಭ ಕಾಣಿಸಿತು. ಹೃದಯ ತೀರ ಬಲಹೀನವಾಗಿರುವವರು ಇದನ್ನು ಮರೆಯಬಾರದು.

ಮುಂದಿನ ಕರೆ ಬಂದಾಗ

ಈ ಚರ್ಚೆಯನ್ನು ರಾತ್ರಿ ಹನ್ನೊಂದೂವರೆಗೆ ಮಾಡಬೇಡಿ. ಮುಂದಿನ ಬಾರಿ ತಪಾಸಣೆಗೆ ಹೋದಾಗಲೇ ನಿಮ್ಮ ಮೂತ್ರಪಿಂಡ ತಜ್ಞರನ್ನು ಕೇಳಿ: ನಮ್ಮವರಿಗೆ ಎಂಥ ದಾನಿಯವರೆಗೆ ಒಪ್ಪಬಹುದು? ಉತ್ತರವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಕರೆ ಬಂದಾಗ ವಯಸ್ಸಿನ ಜೊತೆಗೆ ಇವನ್ನೂ ಕೇಳಿ. ಬಿ.ಪಿ., ಸಕ್ಕರೆ ಎಷ್ಟು ವರ್ಷದಿಂದ ಇತ್ತು? ಆಸ್ಪತ್ರೆಗೆ ಸೇರಿದ ದಿನ ಕ್ರಿಯಾಟಿನಿನ್ ಎಷ್ಟಿತ್ತು, ಈಗ ಎಷ್ಟು? ಮೂತ್ರ ಚೆನ್ನಾಗಿ ಬರುತ್ತಿದೆಯೇ, ಪ್ರೋಟೀನ್ ಇದೆಯೇ? ಮೂತ್ರಪಿಂಡ ನಮ್ಮ ಆಸ್ಪತ್ರೆಗೆ ತಲುಪಲು ಎಷ್ಟು ಗಂಟೆ ಬೇಕು? ದಾನಿಯ ಹೆಸರು, ಊರು ಕೇಳಬೇಡಿ. ಅದನ್ನು ಹೇಳುವುದಿಲ್ಲ, ಹೇಳಲೂಬಾರದು.

ಯಕೃತ್ತಿಗೆ ತಗಲುವ ಹೆಪಟೈಟಿಸ್ ಸಿ ಸೋಂಕಿದ್ದ ದಾನಿಯ ಮೂತ್ರಪಿಂಡವನ್ನು ಹಿಂದೆ ಸಾಮಾನ್ಯವಾಗಿ ಎಸೆಯುತ್ತಿದ್ದರು. ಈಗ ಆ ಸೋಂಕನ್ನು ಪೂರ್ತಿ ಗುಣಪಡಿಸುವ ಮಾತ್ರೆಗಳು ಬಂದಿರುವುದರಿಂದ ಕೆಲವು ದೇಶಗಳಲ್ಲಿ ರೋಗಿಯ ಒಪ್ಪಿಗೆ ಪಡೆದು ಬಳಸುತ್ತಿದ್ದಾರೆ. ಎಲ್ಲ ಸೋಂಕುಗಳೂ ಹೀಗಲ್ಲ. 2004ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಒಬ್ಬ ದಾನಿಯಿಂದ ಅಂಗ ಮತ್ತು ರಕ್ತನಾಳ ಪಡೆದ ನಾಲ್ವರು ರೇಬೀಸ್‌ನಿಂದ ತೀರಿಕೊಂಡರು. ದಾನಿಗೆ ಬಾವಲಿ ಕಚ್ಚಿತ್ತೆಂಬುದು ಆಮೇಲೆ ತಿಳಿಯಿತು.

ಈ ಮಾತು ದಾನ ಮಾಡುವ ಮನೆಯವರಿಗೂ ಸೇರಿದ್ದು. ಓದುಗರಲ್ಲಿ ಕೆಲವರು ಎಂದಾದರೂ ಆ ಕಡೆ ಕುಳಿತುಕೊಳ್ಳಬೇಕಾಗಬಹುದು. 2021ರ ಜೂನ್‌ನಲ್ಲಿ ರಸ್ತೆ ಅಪಘಾತದಲ್ಲಿ ತಲೆಗೆ ಪೆಟ್ಟಾಗಿ ಮಿದುಳು ಸಾವಿಗೀಡಾದ ನಟ ಸಂಚಾರಿ ವಿಜಯ್ ಅವರ ಅಂಗಗಳನ್ನು ಕುಟುಂಬದವರು ದಾನ ಮಾಡಿದ್ದು ನಿಮಗೆ ನೆನಪಿರಬಹುದು. ಅವರು ಹರೆಯದವರು. ಆದರೆ ‘ನಮ್ಮ ತಂದೆಗೆ 66 ಆಗಿತ್ತು, ಬಿ.ಪಿ. ಇತ್ತು, ಅವರ ಕಿಡ್ನಿ ಯಾರಿಗೆ ಬೇಕು’ ಎಂದು ನೀವೇ ತೀರ್ಮಾನಿಸಿ ಸುಮ್ಮನಾಗಬೇಡಿ. ಬೇಕೇ ಬೇಡವೇ ಎಂಬುದನ್ನು ಪರೀಕ್ಷೆ ಮಾಡಿ ಹೇಳುವುದು ವೈದ್ಯರ ಕೆಲಸ. ನೀವು ಮಾಡಬೇಕಾದದ್ದು ಇದ್ದದ್ದನ್ನು ಇದ್ದ ಹಾಗೆ ಹೇಳುವುದು. ಯಾವ ಮಾತ್ರೆ ನುಂಗುತ್ತಿದ್ದರು, ಎಷ್ಟು ವರ್ಷದಿಂದ, ಕುಡಿತ ಇತ್ತೇ, ಎಂದಾದರೂ ಕ್ಯಾನ್ಸರ್ ಆಗಿತ್ತೇ, ಇತ್ತೀಚೆಗೆ ನಾಯಿ ಕಚ್ಚಿತ್ತೇ. ತೀರಿಕೊಂಡವರ ಮರ್ಯಾದೆ ಕಾಯಲು ಹೋಗಿ ಇವನ್ನು ಮುಚ್ಚಿಟ್ಟರೆ ಇಬ್ಬರ ಜೀವಕ್ಕೆ ಅಪಾಯ. ಬೀರುವಿನಲ್ಲಿ ಹಳೆಯ ಔಷಧಿ ಚೀಟಿ, ರಕ್ತ ಪರೀಕ್ಷೆಯ ಕಾಗದಗಳಿದ್ದರೆ ತಂದುಕೊಡಿ. ಎರಡು ವರ್ಷದ ಹಿಂದಿನ ಕ್ರಿಯಾಟಿನಿನ್ ಬರೆದ ಒಂದು ತುಂಡು ಕಾಗದ ಹಳೆಯ ಗಾಯವೋ ಹೊಸ ಗಾಯವೋ ಎಂಬ ಪ್ರಶ್ನೆಗೆ ಉತ್ತರ ಕೊಟ್ಟುಬಿಡಬಹುದು.

ಶಿವಮೊಗ್ಗದ ಓದುಗರಿಗೆ ಕೊನೆಯದಾಗಿ ಇಷ್ಟು. ರಾಜ್ಯದಲ್ಲಿ ಅಂಗಗಳ ಹಂಚಿಕೆ ನೋಡಿಕೊಳ್ಳುವ ‘ಜೀವಸಾರ್ಥಕತೆ’ಯ ಪಟ್ಟಿಯಲ್ಲಿ ನಿಮ್ಮ ತಮ್ಮನ ಹೆಸರು ಸಕ್ರಿಯವಾಗಿದೆಯೇ ಎಂದು ನಿಮ್ಮ ಆಸ್ಪತ್ರೆಯ ಕಸಿ ಸಂಯೋಜಕರನ್ನು ಕೇಳಿ ಖಚಿತಪಡಿಸಿಕೊಳ್ಳಿ. ಹೃದಯದ ಪರೀಕ್ಷೆ ಹಳೆಯದಾಗಿದ್ದರೆ ಮತ್ತೊಮ್ಮೆ ಮಾಡಿಸಿ. ಅನಿವಾರ್ಯವಲ್ಲದಿದ್ದರೆ ರಕ್ತ ಹಾಕಿಸಿಕೊಳ್ಳುವುದು ಬೇಡ. ಅದರಿಂದ ದಾನಿಯ ಅಂಗವನ್ನು ತಿರಸ್ಕರಿಸುವ ಪ್ರತಿಕಾಯಗಳು ಬೆಳೆಯುತ್ತವೆ. ಆಸ್ಪತ್ರೆಗೆ ಮನೆಯವರ ಇನ್ನೆರಡು ಫೋನ್ ನಂಬರು ಕೊಟ್ಟಿರಿ. ರಾತ್ರಿ ಫೋನ್ ಆಫ್ ಮಾಡಬೇಡಿ.